ಎಂಎಸ್ಸಿ ಕೆಮಿಸ್ಟ್ರಿ ಸೆಮಿನಾರ್: ಟಾಪಿಕ್ ಹುಡುಕೋದ್ರಿಂದ ಹಿಡಿದು ಪ್ರಶ್ನೆ ಎದುರಿಸೋ ತನಕ

ಮೂರನೇ ಸೆಮ್ ಶುರುವಾದ್ರೆ ಸಾಕು, ತುಮಕೂರಿಂದ ಒಂದು ಕೋಲಾರದಿಂದ ಒಂದು ಅಂತ ಮೆಸೇಜ್ ಬರ್ತಾನೇ ಇರುತ್ತೆ. "ಅಣ್ಣ, ಸೆಮಿನಾರ್‌ಗೆ ಈಜಿ ಟಾಪಿಕ್ ಹೇಳಿ", "ಅಣ್ಣ, ಹಳೇ ಪಿಪಿಟಿ ಇದ್ರೆ ಕಳ್ಸಿ", "ಕೊನೇಲಿ ಪ್ರಶ್ನೆ ಕೇಳ್ತಾರಂತೆ, ಏನ್ ಮಾಡೋದು". ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಪಿಪಿಟಿ ಮಾತ್ರ ಕಳ್ಸಲ್ಲ. ನಿಮ್ಮ ಮೇಷ್ಟ್ರು ಅದನ್ನ ಹೋದ ವರ್ಷನೇ ನೋಡಿರ್ತಾರೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಕೆಳಗಿರೋದೆಲ್ಲ ಇದರ ಮೇಲೇ ನಿಂತಿದೆ. ಸೆಮಿನಾರಲ್ಲಿ ನಿಮ್ಮಿಂದ ಕೇಳ್ತಿರೋದು ಮೂರೇ ವಿಷಯ: ಈ ಪೇಪರ್ ಏನು ಹೇಳ್ತಿದೆ, ಹಾಗೆ ಹೇಳೋಕೆ ಸಾಕ್ಷಿ ಏನಿದೆ, ಆ ಸಾಕ್ಷಿ ಸಾಲುತ್ತಾ. ಮೂರನೇದನ್ನ ಮುಟ್ಟೋರು ಕ್ಲಾಸಲ್ಲಿ ಒಬ್ಬರೋ ಇಬ್ಬರೋ ಇರ್ತಾರೆ, ಮಾರ್ಕ್ಸ್ ಅವರಿಗೇ ಹೋಗುತ್ತೆ.

1. ನಿಮ್ಮದು ಯಾವ ಸೆಮಿನಾರ್ ಅಂತ ಮೊದ್ಲು ಕೇಳ್ಕೊಳ್ಳಿ

ಎಂಎಸ್ಸಿಯವರದ್ದು ಸಾಮಾನ್ಯವಾಗಿ ಲಿಟರೇಚರ್ ಸೆಮಿನಾರ್, ಅಂದ್ರೆ ಬೇರೆಯವರು ಮಾಡಿ ಪ್ರಕಟ ಮಾಡಿರೋ ಕೆಲಸನ ನೀವು ಓದಿ ಅರ್ಥ ಮಾಡ್ಕೊಂಡು ಕ್ಲಾಸಿಗೆ ವಿವರಿಸೋದು. ಪಿಎಚ್‌ಡಿಯವರಿಗೆ ಕೋರ್ಸ್‌ವರ್ಕ್ ಸಮಯದಲ್ಲಿ ಇದೇ ಥರದ್ದು ಇರಬಹುದು, ಆಮೇಲೆ ಯುಜಿಸಿಯ 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ (ಗೈಡ್ ಜೊತೆ ಸೇರಿ ನಿಮ್ಮ ಕೆಲಸದ ಮೇಲೆ ಕಣ್ಣಿಡೋ ಸಣ್ಣ ಸಮಿತಿ) ಎಷ್ಟು ಕೆಲಸ ಆಯ್ತು ಅಂತ ತೋರಿಸ್ಬೇಕು, ಥೀಸಿಸ್ ಸಬ್ಮಿಟ್ ಮಾಡೋ ಮುಂಚೆ ಇನ್ನೊಂದು ಪ್ರೆಸೆಂಟೇಷನ್ ಇರುತ್ತೆ, ಅದಕ್ಕೆ ಡಿಪಾರ್ಟ್‌ಮೆಂಟಿನ ಮೇಷ್ಟ್ರುಗಳು, ಬೇರೆ ಸ್ಕಾಲರ್‌ಗಳು, ಸ್ಟೂಡೆಂಟ್ಸ್ ಯಾರು ಬೇಕಾದ್ರೂ ಬಂದು ಕೂರಬಹುದು. ಕೊಲೋಕ್ವಿಯಂ ಅಂತ ಕೆಲವು ಕಡೆ ಕರೆಯೋದು ಇದನ್ನೇ.

ಇಲ್ಲಿ ನಾನು ಹೆಚ್ಚಾಗಿ ಎಂಎಸ್ಸಿಯವರಿಗೆ ಹೇಳ್ತಿದೀನಿ. ಎಷ್ಟು ನಿಮಿಷ, ಎಷ್ಟು ಮಾರ್ಕ್ಸ್, ರಿಪೋರ್ಟ್ ಕೊಡ್ಬೇಕಾ, ಈ ಮೂರನ್ನ ಸಿಲಬಸ್ ಕಾಪಿ ನೋಡಿ ತಿಳ್ಕೊಳ್ಳಿ, ಸೀನಿಯರ್ಸ್ ಬಾಯಿಮಾತು ನಂಬಬೇಡಿ. ಸಿಲಬಸ್ ಬದಲಾದಾಗ ಇವೂ ಬದಲಾಗುತ್ತೆ.

2. ಟಾಪಿಕ್

"ನ್ಯಾನೋಟೆಕ್ನಾಲಜಿ ಮತ್ತು ಅದರ ಉಪಯೋಗಗಳು", "ಗ್ರೀನ್ ಕೆಮಿಸ್ಟ್ರಿ", "ಸ್ಪೆಕ್ಟ್ರೋಸ್ಕೋಪಿ". ಇವು ಟಾಪಿಕ್‌ಗಳಲ್ಲ, ಟೆಕ್ಸ್ಟ್‌ಬುಕ್ಕಿನ ಹೆಸರುಗಳು. ಇಂಥದ್ದು ತಗೊಂಡ್ರೆ ಮೇಷ್ಟ್ರು ಎಲ್ಲಿಂದ ಬೇಕಾದ್ರೂ ಪ್ರಶ್ನೆ ಕೇಳಬಹುದು, ನಿಮಗೆ ತಪ್ಪಿಸ್ಕೊಳ್ಳೋಕೆ ಜಾಗನೇ ಇರಲ್ಲ. ಒಂದೇ ಒಂದು ಪೇಪರ್ ಆರಿಸ್ಕೊಳ್ಳಿ. ಅದರ ಹಿಂದೆ ಮುಂದೆ ಎರಡು ಮೂರು ಪೇಪರ್ ಓದಿರಿ, ಅಷ್ಟು ಸಾಕು.

ರಿವ್ಯೂ ಪೇಪರ್ (ಒಂದು ವಿಷಯದ ಮೇಲೆ ಬಂದಿರೋ ನೂರಾರು ಪೇಪರ್‌ಗಳನ್ನ ಸೇರಿಸಿ ಬರೆದಿರೋದು) ಹಿನ್ನೆಲೆ ತಿಳ್ಕೊಳ್ಳೋಕೆ ಚೆನ್ನಾಗಿರುತ್ತೆ, ಸೆಮಿನಾರ್ ಕೊಡೋಕೆ ಬೇಡ. ಅದ್ರಲ್ಲಿ ಡೇಟಾ ಯಾರದ್ದೋ, ವಾದ ಇನ್ಯಾರದ್ದೋ, ನೀವು ಸಿಕ್ಕಿಹಾಕ್ಕೊಳ್ತೀರ.

ನಮ್ಮ ಮೂರು ಜಿಲ್ಲೆಯವರಿಗೆ (ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ) ಟಾಪಿಕ್‌ಗೆ ಬರ ಇಲ್ಲ ಕಣ್ರಪ್ಪ, ನೀರಿಗೆ ಇದೆ ಅಷ್ಟೇ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋದು ನಿಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಅದನ್ನ ತೆಗೆಯೋ ಬಗ್ಗೆ ಪೇಪರ್‌ಗಳು ರಾಶಿ ಇವೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ್ರೂ ಸೈನೈಡ್ ದಿಬ್ಬಗಳು ಅಲ್ಲೇ ಇವೆ, ಸೈನೈಡ್ ಚಿನ್ನನ ಹೇಗೆ ಕರಗಿಸುತ್ತೆ, ಅದಕ್ಕೆ ಗಾಳಿಯ ಆಕ್ಸಿಜನ್ ಯಾಕೆ ಬೇಕು, ಪಿಎಚ್ ಯಾಕೆ 10ರ ಮೇಲೆ ಇಡ್ಬೇಕು (ಇಲ್ಲಾಂದ್ರೆ ಹೈಡ್ರೋಜನ್ ಸೈನೈಡ್ ಅನಿಲ ಎದ್ದು ಬರುತ್ತೆ) ಇದರಲ್ಲೇ ಒಂದು ಪೂರ್ತಿ ಸೆಮಿನಾರ್ ಇದೆ. ತಿಪಟೂರು ಕಡೆಯವರಾದ್ರೆ ಕೊಬ್ಬರಿ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್. ಹುಣಸೆ ಬೀಜದಲ್ಲಿರೋ ಜೈಲೋಗ್ಲುಕಾನ್ ಅನ್ನೋ ಪಾಲಿಸ್ಯಾಕರೈಡ್ ಮೇಲೂ ಒಳ್ಳೊಳ್ಳೆ ಪೇಪರ್ ಇವೆ. ಕೋಲಾರದ ಕೆರೆಗಳಿಗೆ ಕೆಸಿ ವ್ಯಾಲಿ ಯೋಜನೆಯಿಂದ ಬರೋ, ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರಿನ ಬಗ್ಗೆ ಮಾತಾಡೋದಾದ್ರೆ ಮಾತ್ರ ಹುಷಾರು, ಊರಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ಸೆಮಿನಾರ್ ಹೋಗಿ ಗ್ರಾಮಸಭೆ ಆಗ್ಬಿಡುತ್ತೆ, ಡೇಟಾ ಬಿಟ್ಟು ಆಚೆ ಹೋಗಬೇಡಿ.

ಹೊಸದೇ ಆಗ್ಬೇಕು ಅಂತಿಲ್ಲ. 1988ರಲ್ಲಿ ಐಐಎಸ್ಸಿಯ ಕೆ.ಸಿ. ಪಾಟೀಲರು ಮತ್ತು ಕಿಂಗ್ಸ್ಲೆ ಅಲ್ಯೂಮಿನಿಯಂ ನೈಟ್ರೇಟ್‌ನ ಯೂರಿಯಾ ಜೊತೆ 500 ಡಿಗ್ರಿ ಫರ್ನೇಸಲ್ಲಿ ಇಟ್ಟು ಕೆಲವೇ ನಿಮಿಷದಲ್ಲಿ ಆಲ್ಫಾ ಅಲ್ಯೂಮಿನಾ ಮಾಡಿದ ಪೇಪರ್ ಇದೆ. ಇವತ್ತು ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯೋ ಕಂಬಶ್ಚನ್ ಸಿಂಥೆಸಿಸ್ (ಮಿಶ್ರಣ ತಾನೇ ಹೊತ್ತಿ ಉರಿದು ಆಕ್ಸೈಡ್ ಪುಡಿ ಆಗೋ ವಿಧಾನ) ಕೆಲಸಕ್ಕೆಲ್ಲ ಬೇರು ಅಲ್ಲಿದೆ. ಪೇಪರ್ ಚಿಕ್ಕದು, ಕೆಮಿಸ್ಟ್ರಿ ಬಿಎಸ್ಸಿ ಮಟ್ಟದ್ದು, ಆದ್ರೆ ಯೋಚನೆ ದೊಡ್ಡದು.

ಫೈನಲ್ ಮಾಡೋ ಮುಂಚೆ ಆ ಪೇಪರ್‌ಗೆ ಸಪೋರ್ಟಿಂಗ್ ಇನ್ಫರ್ಮೇಷನ್ (ಪೇಪರ್ ಜೊತೆ ಬೇರೆ ಫೈಲಲ್ಲಿ ಕೊಡೋ ಹೆಚ್ಚಿನ ಡೇಟಾ, ಸ್ಪೆಕ್ಟ್ರಾ, ವಿಧಾನ) ಇದೆಯಾ ನೋಡಿ. ಹೊಸ ಪೇಪರ್ ಆಗಿದ್ದು, ಒಳಗೂ ಡೇಟಾ ತೆಳ್ಳಗಿದ್ದು, ಜೊತೆಗೆ ಆ ಫೈಲೂ ಇಲ್ಲ ಅಂದ್ರೆ ಬೇರೆ ಹುಡುಕಿ. ದುಡ್ಡು ಕೊಟ್ರೆ ಒಂದು ವಾರದಲ್ಲಿ ಛಾಪಿಸೋ ಜರ್ನಲ್‌ಗಳ ಪೇಪರ್ ತಗೊಂಡು ಹೋದ್ರೆ ಎಚ್‌ಓಡಿ ಮೊದಲ ಸ್ಲೈಡಲ್ಲೇ ಜರ್ನಲ್ ಹೆಸರು ನೋಡಿ ಕನ್ನಡಕ ತೆಗೆದಿಡ್ತಾರೆ.

3. ಪೇಪರ್ ಕೈಗೆ ಸಿಗೋದು ಹೇಗೆ

2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅನ್ನೋ ಕೇಂದ್ರದ ಯೋಜನೆ ಜಾರಿಗೆ ಬಂದಿದೆ, ಎಲ್ಸೆವಿಯರ್, ಸ್ಪ್ರಿಂಗರ್, ವೈಲಿ ಸೇರಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿವಿ, ಕಾಲೇಜುಗಳಿಗೆ ಸಿಗೋ ಹಾಗೆ ಮಾಡಿದಾರೆ. ನಿಮ್ಮ ಸಂಸ್ಥೆ ಅದ್ರಲ್ಲಿ ರಿಜಿಸ್ಟರ್ ಆಗಿದೆಯಾ, ಮನೆಯಿಂದ ಲಾಗಿನ್ ಆಗೋಕೆ ಐಡಿ ಕೊಡ್ತಾರಾ ಅಂತ ಲೈಬ್ರರಿಯನ್ ಹತ್ರ ಕೇಳಿ. ಎಷ್ಟೋ ಜನ ಎರಡು ವರ್ಷ ಓದಿ ಹೊರಗೆ ಬಂದ್ರೂ ಲೈಬ್ರರಿಯನ್ ಹತ್ರ ಒಂದು ಸಲ ಮಾತಾಡಿರಲ್ಲ. ಪ್ರೈವೇಟ್ ಕಾಲೇಜಲ್ಲಿದ್ರೆ, ಅಥವಾ ಬೇಕಾದ ಜರ್ನಲ್ ಸಿಗದಿದ್ರೆ, ಅನ್‌ಪೇವಾಲ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ, ಕಾನೂನುಬದ್ಧವಾಗಿ ಫ್ರೀ ಇರೋ ಕಾಪಿ ಎಲ್ಲಾದ್ರೂ ಇದ್ರೆ ತೋರಿಸುತ್ತೆ. ಅದೂ ಆಗ್ಲಿಲ್ಲ ಅಂದ್ರೆ ಪೇಪರಲ್ಲಿ ಸ್ಟಾರ್ ಗುರುತು ಇರೋ ಲೇಖಕರಿಗೆ ಎರಡು ಸಾಲಿನ ಮೇಲ್ ಹಾಕಿ, ಖುಷಿಯಿಂದ ಕಳ್ಸೋರು ಬೇಕಾದಷ್ಟು ಜನ ಇದಾರೆ. ಭಾರತದ ಥೀಸಿಸ್‌ಗಳು ಬೇಕಾದ್ರೆ ಶೋಧಗಂಗಾದಲ್ಲಿ ಫ್ರೀಯಾಗಿ ಸಿಗುತ್ತೆ, ಥೀಸಿಸ್‌ನ ಮೊದಲ ಅಧ್ಯಾಯ ಓದಿದ್ರೆ ವಿಷಯದ ಹಿನ್ನೆಲೆ ಎಲ್ಲಾ ಒಂದೇ ಕಡೆ ಸಿಕ್ಕಿಬಿಡುತ್ತೆ.

ಎಐ ಹತ್ರ ರೆಫರೆನ್ಸ್ ಕೇಳೋರಿಗೆ: ಅದು ಇಲ್ಲದೇ ಇರೋ ಪೇಪರ್‌ನ ಇದೆ ಅನ್ನೋ ಹಾಗೆ ಹೆಸರು, ವರ್ಷ, ಪುಟ ಸಮೇತ ಕೊಡಬಹುದು. ಪ್ರತಿ ರೆಫರೆನ್ಸ್‌ನ ಡಿಒಐ (ಪ್ರತಿ ಪೇಪರ್‌ಗೂ ಇರೋ ಶಾಶ್ವತ ನಂಬರ್) ಕಾಪಿ ಮಾಡಿ ಡಿಒಐ ಸೈಟಲ್ಲಿ ಹಾಕಿ ಪೇಪರ್ ಓಪನ್ ಆಗುತ್ತಾ, ಅದೇ ಪೇಪರ್ರಾ ಅಂತ ನೋಡಿ. ಓಪನ್ ಆಗದೇ ಇರೋದನ್ನ ಸ್ಲೈಡಿಗೆ ಹಾಕಬೇಡಿ.

4. ಓದೋದು (ನಿಜವಾದ ಕೆಲಸ ಇಲ್ಲೇ ಇರೋದು)

ಮೊದಲಿಂದ ಕೊನೇತನಕ ಕಾದಂಬರಿ ಥರ ಓದಬೇಡಿ. ಅಬ್‌ಸ್ಟ್ರಾಕ್ಟ್ ಓದಿ, ಆಮೇಲೆ ನೇರ ಚಿತ್ರಗಳಿಗೆ ಹೋಗಿ. ಪ್ರತಿ ಗ್ರಾಫ್ ನೋಡಿ, ಅಡ್ಡಕ್ಕೆ ಏನು ಉದ್ದಕ್ಕೆ ಏನು, ಯೂನಿಟ್ ಏನು, ಎಷ್ಟು ಪಾಯಿಂಟ್ ಇದೆ, ಎರರ್ ಬಾರ್ ಇದೆಯಾ. ಅವರು ಹೇಳೋದನ್ನ ಓದೋಕೆ ಮುಂಚೆ ಗ್ರಾಫ್ ಏನು ಹೇಳ್ತಿದೆ ಅಂತ ನೀವೇ ಒಂದು ಸಾಲು ಬರೀರಿ. ಆಮೇಲೆ ಎಕ್ಸ್‌ಪೆರಿಮೆಂಟಲ್ ಭಾಗ. ಇಂಟ್ರೊಡಕ್ಷನ್ ಕೊನೇಲಿ ಓದಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಫ್ಲೋರೈಡ್ ತೆಗೆಯೋ ಒಂದು ಹೊಸ ಪುಡಿ ಬಗ್ಗೆ ಪೇಪರ್ ಅಂದ್ಕೊಳ್ಳಿ. "ಒಂದು ಗ್ರಾಂ ಪುಡಿ 25 ಮಿಲಿಗ್ರಾಂ ಫ್ಲೋರೈಡ್ ಹಿಡಿಯುತ್ತೆ" ಅಂತ ಅಬ್‌ಸ್ಟ್ರಾಕ್ಟಲ್ಲೇ ಬರೆದಿದಾರೆ. ನೂರಕ್ಕೆ ತೊಂಬತ್ತು ಜನ ಈ ನಂಬರ್‌ನ ಕಂಕ್ಲೂಷನ್ ಸ್ಲೈಡಲ್ಲಿ ಹಾಕಿ ಥ್ಯಾಂಕ್ಯೂ ಹೇಳ್ತಾರೆ. ನೀವು ಸ್ವಲ್ಪ ನಿಲ್ಲಿ.

ಆ 25 ಬಂದಿರೋದು ಲ್ಯಾಂಗ್‌ಮ್ಯೂರ್ ಐಸೋಥರ್ಮ್‌ನಿಂದ. ಐಸೋಥರ್ಮ್ ಅಂದ್ರೆ ಒಂದೇ ಉಷ್ಣಾಂಶದಲ್ಲಿ ನೀರಲ್ಲಿ ಎಷ್ಟು ಉಳಿದಾಗ ಪುಡಿ ಮೇಲೆ ಎಷ್ಟು ಕೂತಿರುತ್ತೆ ಅಂತ ತೋರಿಸೋ ಗೆರೆ. 25 ಅನ್ನೋದು ಪುಡಿಯ ಮೇಲ್ಮೈ ಪೂರ್ತಿ ತುಂಬಿದಾಗಿನ ಗರಿಷ್ಠ ಬೆಲೆ, ನೀರಲ್ಲಿ ಫ್ಲೋರೈಡ್ ತುಂಬಾ ಜಾಸ್ತಿ ಇದ್ದಾಗ ಮಾತ್ರ ಅದರ ಹತ್ತಿರ ಹೋಗೋದು. ನಮಗೆ ಬೇಕಿರೋದು ಕುಡಿಯೋ ನೀರು. ಬಿಐಎಸ್‌ನ ಕುಡಿಯೋ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರಿನ ಮೂಲ ಇಲ್ಲದಿದ್ರೆ 1.5 ತನಕ. ಅಂದ್ರೆ ಕೊನೆಗೆ ನೀರಲ್ಲಿ 1 ಮಿಲಿಗ್ರಾಂ ಉಳಿದಾಗ ಪುಡಿ ಎಷ್ಟು ಹಿಡಿದಿರುತ್ತೆ ಅಂತ ನೋಡ್ಬೇಕು. ಪೇಪರಲ್ಲಿ ಲ್ಯಾಂಗ್‌ಮ್ಯೂರ್‌ನ ಇನ್ನೊಂದು ಸ್ಥಿರಾಂಕ 'ಬಿ' ಕೊಟ್ಟಿರ್ತಾರೆ, ಅದು ಮಿಲಿಗ್ರಾಂಗೆ 0.1 ಲೀಟರ್ ಅಂತಿದೆ ಅಂದ್ಕೊಳ್ಳಿ. ಲೆಕ್ಕ ಸುಲಭ: 25 × 0.1 × 1 = 2.5, ಅದನ್ನ 1 + (0.1 × 1) ಅಂದ್ರೆ 1.1ರಿಂದ ಭಾಗಿಸಿ. ಬರೋದು ಸುಮಾರು 2.3 ಮಿಲಿಗ್ರಾಂ. 25 ಎಲ್ಲಿ, 2.3 ಎಲ್ಲಿ!

ಇನ್ನೂ ಒಂದು ಹೆಜ್ಜೆ. ಬೋರ್‌ವೆಲ್ ನೀರಲ್ಲಿ ಲೀಟರ್‌ಗೆ 3 ಮಿಲಿಗ್ರಾಂ ಇದೆ, ಮನೆಗೆ ದಿನಕ್ಕೆ 10 ಲೀಟರ್ ಕುಡಿಯೋ ನೀರು ಬೇಕು. 20 ಮಿಲಿಗ್ರಾಂ ತೆಗೀಬೇಕು, ಅದಕ್ಕೆ ದಿನಕ್ಕೆ ಹತ್ತಿರ ಹತ್ತಿರ 9 ಗ್ರಾಂ ಪುಡಿ ಬೇಕು. 25 ನಂಬಿದ್ರೆ 1 ಗ್ರಾಂ ಕೂಡ ಬೇಡ ಅನ್ನಿಸ್ತಿತ್ತು. ಇದನ್ನ ಒಂದು ಸ್ಲೈಡಲ್ಲಿ ಹಾಕಿ ನೋಡಿ, ಹಿಂದಿನ ಸಾಲಲ್ಲಿ ಮೊಬೈಲ್ ಒತ್ತುತ್ತಿದ್ದ ಮೇಷ್ಟ್ರೂ ತಲೆ ಎತ್ತುತ್ತಾರೆ.

ಇದೇ ಪೇಪರಲ್ಲಿ ಇನ್ನೂ ಏನೇನು ಕೆದಕಬಹುದು ಅಂತಂದ್ರೆ:

ಪ್ರಯೋಗಕ್ಕೆ ಬಳಸಿದ ನೀರು ಯಾವುದು? ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಫ್ಲೋರೈಡ್ ಹಾಕಿ ಮಾಡಿದ್ರೆ ಅದು ನಮ್ಮ ಬೋರ್‌ವೆಲ್ ನೀರಲ್ಲ. ನಮ್ಮ ಕಡೆ ಗ್ರಾನೈಟ್, ನೈಸ್ (gneiss) ಕಲ್ಲಿನ ಕೆಳಗಿಂದ ಬರೋ ನೀರಲ್ಲಿ ಬೈಕಾರ್ಬನೇಟ್ ಧಾರಾಳವಾಗಿರುತ್ತೆ, ಅದು ಪುಡಿ ಮೇಲೆ ಜಾಗಕ್ಕೆ ಫ್ಲೋರೈಡ್ ಜೊತೆ ಪೈಪೋಟಿಗೆ ಬೀಳುತ್ತೆ.

ಪಿಎಚ್ ಎಷ್ಟರಲ್ಲಿ ಮಾಡಿದಾರೆ? ಅಲ್ಯೂಮಿನಾ ಥರದವು 5-6ರ ಹತ್ತಿರ ಚೆನ್ನಾಗಿ ಕೆಲಸ ಮಾಡುತ್ತೆ, ನಮ್ಮ ನೀರು ಸಾಮಾನ್ಯವಾಗಿ 7ರ ಮೇಲೆ.

ಫ್ಲೋರೈಡ್ ಅಳೆದಿದ್ದು ಹೇಗೆ? ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಆದ್ರೆ ಟಿಸಾಬ್ ಹಾಕಿದಾರಾ ನೋಡಿ. ಟಿಸಾಬ್ ಅಂದ್ರೆ ಪಿಎಚ್‌ನ 5ರಿಂದ 5.5ರ ಆಸುಪಾಸಲ್ಲಿ ಹಿಡಿದಿಟ್ಟು, ಅಯಾನಿಕ್ ಸ್ಟ್ರೆಂಗ್ತ್ ಒಂದೇ ಸಮ ಇಟ್ಟು, ಅಲ್ಯೂಮಿನಿಯಂ ಕಬ್ಬಿಣ ಹಿಡ್ಕೊಂಡಿರೋ ಫ್ಲೋರೈಡ್‌ನ ಬಿಡಿಸೋ ಬಫರ್. ಅದನ್ನ ಹಾಕದೇ ಅಳೆದ್ರೆ, ಪುಡಿಯಿಂದ ಕರಗಿ ಬಂದ ಅಲ್ಯೂಮಿನಿಯಂಗೆ ಅಂಟಿರೋ ಫ್ಲೋರೈಡ್ ಎಲೆಕ್ಟ್ರೋಡಿಗೆ ಕಾಣಲ್ಲ, ನೀರಲ್ಲೇ ಇದ್ರೂ "ತೆಗೆದಿದೀವಿ" ಅಂತ ಲೆಕ್ಕಕ್ಕೆ ಬರುತ್ತೆ.

ಕೈನೆಟಿಕ್ಸ್ ಗ್ರಾಫಲ್ಲಿ ಆರ್ ಸ್ಕ್ವೇರ್ (ಪಾಯಿಂಟ್‌ಗಳು ಗೆರೆಗೆ ಎಷ್ಟು ಹೊಂದುತ್ತೆ ಅನ್ನೋ ಅಂಕಿ) 0.999 ಇದೆಯಾ? ಸೂಡೋ ಸೆಕೆಂಡ್ ಆರ್ಡರ್‌ಗೆ ಸಮಯವನ್ನ ಕ್ಯೂನಿಂದ (ಆ ಹೊತ್ತಿಗೆ ಒಂದು ಗ್ರಾಂ ಪುಡಿ ಹಿಡಿದಿರೋ ಫ್ಲೋರೈಡ್) ಭಾಗಿಸಿ ಮತ್ತೆ ಸಮಯದ ಎದುರೇ ಗ್ರಾಫ್ ಹಾಕ್ತಾರೆ. ಎರಡೂ ಕಡೆ ಸಮಯನೇ ಇರೋದ್ರಿಂದ ಗೆರೆ ನೇರ ಬರೋದು ದೊಡ್ಡ ವಿಷಯನೇ ಅಲ್ಲ, ಅದನ್ನ ನೋಡಿ ಮೆಕ್ಯಾನಿಸಂ ತೀರ್ಮಾನ ಮಾಡಕ್ಕಾಗಲ್ಲ.

ನಿಮ್ಮ ವಿಷಯ ಆರ್ಗ್ಯಾನಿಕ್ ಆದ್ರೆ ಇದೇ ಕಣ್ಣಲ್ಲಿ ಬೇರೆ ಪ್ರಶ್ನೆಗಳು: ಯೀಲ್ಡ್ ಹೇಳಿರೋದು ಪ್ಯೂರಿಫೈ ಮಾಡಿ ತೂಕ ಮಾಡಿದ್ದಾ ಇಲ್ಲಾ ಎನ್‌ಎಮ್‌ಆರ್ ನೋಡಿ ಅಂದಾಜು ಮಾಡಿದ್ದಾ, ಕ್ಯಾಟಲಿಸ್ಟ್ ಇಲ್ಲದೇ ಬ್ಲಾಂಕ್ ಮಾಡಿದಾರಾ, ಮಾಡಿದ್ರೆ ಎಷ್ಟು ಬಂತು. ಮೆಟೀರಿಯಲ್ಸ್ ಆದ್ರೆ ಎಕ್ಸ್‌ಆರ್‌ಡಿಯಿಂದ ಶೆರರ್ ಸೂತ್ರ ಹಾಕಿ ಬಂದ ಸೈಜು ಕ್ರಿಸ್ಟಲೈಟ್‌ದು (ಕಣದೊಳಗಿನ ಒಂದೊಂದು ಸಣ್ಣ ಹರಳು), ಇಡೀ ಕಣದ್ದಲ್ಲ. ಎಸ್‌ಇಎಂ ಚಿತ್ರದಲ್ಲಿ ಕಣ ದೊಡ್ಡದಾಗಿ ಕಂಡ್ರೆ ಅದು ವಿರೋಧ ಅಲ್ಲ. ಇದೊಂದು ಪ್ರಶ್ನೆ ಕೇಳದೇ ಇರೋ ಸೆಮಿನಾರ್ ನಾನು ನೋಡಿಲ್ಲ.

ಓದಿ ಮುಗಿದ ಮೇಲೆ ಪೇಪರ್ ಮುಚ್ಚಿಟ್ಟು ಒಂದು ಪುಟ ಬರೀರಿ, ಕನ್ನಡದಲ್ಲೇ. ಬರೆಯೋಕೆ ಎಲ್ಲಿ ತಡವರಿಸ್ತೀರೋ ಅಲ್ಲಿ ಅರ್ಥ ಆಗಿಲ್ಲ ಅಂತ. ವಾಪಸ್ ಹೋಗಿ ಓದಿ.

5. ಕ್ರಮ ಹಾಕ್ಕೊಳ್ಳೋದು

ಸ್ಲೈಡ್ ಓಪನ್ ಮಾಡೋ ಮುಂಚೆ ಒಂದು ಹಾಳೇಲಿ ಬರ್ಕೊಳ್ಳಿ: ಸಮಸ್ಯೆ ಏನು, ಈ ಮುಂಚೆ ಏನು ಮಾಡಿದ್ರು, ಇವರು ಏನು ಬೇರೆ ಮಾಡಿದ್ರು, ಮುಖ್ಯ ಸಾಕ್ಷಿಯ ಎರಡು ಮೂರು ಚಿತ್ರ, ಎಲ್ಲಿ ಸಾಲಲ್ಲ. ಪೇಪರಲ್ಲಿ ಎಂಟು ಫಿಗರ್ ಇದ್ರೆ ಎಂಟೂ ತೋರಿಸಬೇಕಾಗಿಲ್ಲ. ಬಿಟ್ಟಿದ್ದನ್ನ ಕೊನೇಲಿ ಥ್ಯಾಂಕ್ಯೂ ಸ್ಲೈಡ್ ಆದ್ಮೇಲೆ ಸೇರಿಸಿಡಿ, ಯಾರಾದ್ರೂ ಕೇಳಿದ್ರೆ ತೆಗೆದು ತೋರಿಸಬಹುದು.

6. ಸ್ಲೈಡ್‌ಗಳು

20 ನಿಮಿಷಕ್ಕೆ 12ರಿಂದ 14 ಸ್ಲೈಡ್ ಸಾಕು. 40 ಸ್ಲೈಡ್ ಮಾಡ್ಕೊಂಡು ಬಂದು ಕೊನೇ ಐದು ನಿಮಿಷದಲ್ಲಿ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತೋದು ನೋಡೋರಿಗೂ ಹಿಂಸೆ.

ಎಕ್ಸ್‌ಆರ್‌ಡಿ ಮಷೀನಿನ ಫೋಟೋ, ಬ್ರಾಗ್ ನಿಯಮ, ಐಆರ್‌ನ ಮೂಲತತ್ವ, ಇವನ್ನೆಲ್ಲ ಐದಾರು ಸ್ಲೈಡ್ ಹಾಕಿ ಕೊನೆಗೆ ಪೇಪರಿನ ಡೇಟಾಗೆ ಎರಡೇ ನಿಮಿಷ ಉಳಿಸ್ಕೊಳ್ಳೋದು ಊಟಕ್ಕೆ ಕರೆದು ಪಾತ್ರೆ ತೋರಿಸಿ ಕಳ್ಸಿದ ಹಾಗೆ. ಕೇಳ್ತಿರೋರೆಲ್ಲ ಕೆಮಿಸ್ಟ್ರಿಯವರೇ, ಅವರಿಗೆ ಅದು ಗೊತ್ತು.

ಸ್ಟ್ರಕ್ಚರ್‌ಗಳನ್ನ ಪೇಪರಿಂದ ಸ್ಕ್ರೀನ್‌ಶಾಟ್ ಹೊಡೀಬೇಡಿ, ಪ್ರೊಜೆಕ್ಟರಲ್ಲಿ ಮಸುಕಾಗಿ ಕಾಣುತ್ತೆ. ಕೆಮ್‌ಡ್ರಾ ಇಲ್ಲ ಅಂದ್ರೆ ಕೆಮ್‌ಸ್ಕೆಚ್ ಫ್ರೀ ಸಿಗುತ್ತೆ, ನೀವೇ ಬರೀರಿ. ಬರೆಯುವಾಗ ಕಾರ್ಬನ್‌ಗೆ ಐದು ಬಾಂಡ್ ಹಾಕಿದೀರಾ, ನೈಟ್ರೋಜನ್ ಮೇಲೆ ಚಾರ್ಜ್ ಬಿಟ್ಟಿದೀರಾ ಅಂತ ಅಲ್ಲೇ ಗೊತ್ತಾಗುತ್ತೆ, ಮೆಕ್ಯಾನಿಸಂ ಬಾಣಗಳೂ ತಲೇಲಿ ಕೂರುತ್ತೆ. ಗ್ರಾಫ್‌ಗಳನ್ನ ಮಾತ್ರ ಪೇಪರಿಂದಲೇ ತಗೊಳ್ಳಿ, ದೊಡ್ಡದಾಗಿ, ಸ್ಲೈಡಿಗೆ ಒಂದೇ, ಕೆಳಗೆ ಲೇಖಕರ ಹೆಸರು, ಜರ್ನಲ್, ವರ್ಷ. ಎನ್‌ಎಮ್‌ಆರ್ ಹಾಕಿದ್ರೆ ಸಾಲ್ವೆಂಟ್ ಪೀಕ್ ಯಾವುದು ಅಂತ ಗುರುತು ಹಾಕಿ. ಡ್ಯೂಟರೇಟೆಡ್ ಕ್ಲೋರೋಫಾರ್ಮಲ್ಲಿ 7.26 ಪಿಪಿಎಂ, ಡಿಎಂಎಸ್‌ಓದಲ್ಲಿ 2.50, ಅದರಲ್ಲೇ ನೀರಿನದ್ದು 3.33ರ ಹತ್ತಿರ. "ಈ ಪೀಕ್ ಏನಮ್ಮ" ಅಂತ ಕೇಳೋ ಮೇಷ್ಟ್ರು ಅರ್ಧ ಸಲ ಬೆರಳು ತೋರಿಸೋದು ಇವಕ್ಕೇ.

ಬಿಳಿ ಹಿನ್ನೆಲೆ ಮೇಲೆ ಹಳದಿ, ತಿಳಿ ಹಸಿರು ಬೇಡ. ಅಕ್ಷರ 24 ಸೈಜಿಗಿಂತ ಚಿಕ್ಕದು ಬೇಡ. ಪಿಪಿಟಿ ಜೊತೆ ಪಿಡಿಎಫ್ ಕೂಡ ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ. ನುಡಿ ಫಾಂಟಲ್ಲಿ ಧನ್ಯವಾದಗಳು ಅಂತ ಚೆಂದವಾಗಿ ಬರ್ದಿರ್ತೀರ, ಸೆಮಿನಾರ್ ಹಾಲಿನ ಕಂಪ್ಯೂಟರಲ್ಲಿ ನುಡಿ ಇಲ್ಲ ಅಂದ್ರೆ ಅಲ್ಲಿ ಏನೇನೋ ಚಿಹ್ನೆ ಮೂಡಿ ಕ್ಲಾಸೆಲ್ಲ ಗೊಳ್ ಅನ್ನುತ್ತೆ. ಯೂನಿಕೋಡಲ್ಲಿ ಬರೀರಿ.

7. ಇಂಗ್ಲಿಷ್ ಮತ್ತು ಪ್ರಾಕ್ಟೀಸ್

ಎಲ್ಲರೂ ಕೇಳೋದು ಇದನ್ನೇ, ಆದ್ರೆ ಪಬ್ಲಿಕ್ಕಾಗಿ ಕೇಳಲ್ಲ, ಪರ್ಸನಲ್ಲಾಗಿ ಕೇಳ್ತಾರೆ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಬಿಎಸ್ಸೀಲಿ ಮೇಷ್ಟ್ರು ಅರ್ಧ ಕನ್ನಡ ಅರ್ಧ ಇಂಗ್ಲಿಷಲ್ಲಿ ಪಾಠ ಮಾಡಿ, ಈಗ ದಿಢೀರ್ ಅಂತ 20 ನಿಮಿಷ ಇಂಗ್ಲಿಷಲ್ಲಿ ಮಾತಾಡು ಅಂದ್ರೆ ಕೈಕಾಲು ನಡುಗೋದು ಸಹಜ ಬಿಡಿ. ಆದ್ರೆ ಜನ ಇದಕ್ಕೆ ಕಂಡ್ಕೊಂಡಿರೋ ಉಪಾಯ ಇದೆಯಲ್ಲ, ಪೂರ್ತಿ ಬರೆದು ಉರು ಹೊಡೆಯೋದು, ಅದು ಕೈಕೊಡುತ್ತೆ. ಮಧ್ಯ ಯಾರೋ ಒಂದು ಪ್ರಶ್ನೆ ಹಾಕಿದ್ರೆ ಉರು ಹೊಡೆದಿದ್ದು ಕಟ್ ಆಗಿ ಮತ್ತೆ ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗಲ್ಲ.

ಹೀಗೆ ಮಾಡಿ. ಮೊದಲ ಸಲ ರೂಂಮೇಟ್‌ಗೆ ಕನ್ನಡದಲ್ಲೋ ತೆಲುಗಲ್ಲೋ ಪೂರ್ತಿ ಹೇಳಿ, ಅವರು ಹಿಸ್ಟರಿ ಓದ್ತಿದ್ರೆ ಇನ್ನೂ ಒಳ್ಳೇದು. ಅವರಿಗೆ "ಸರಿ, ಹಂಗಾದ್ರೆ ಈ ಪುಡಿ ನಮ್ಮೂರಿಗೆ ಆಗುತ್ತಾ ಇಲ್ವಾ" ಅಂತ ಕೇಳೋ ಅಷ್ಟು ಅರ್ಥ ಆದ್ರೆ ನಿಮ್ಮ ವಿಷಯ ಗಟ್ಟಿ ಇದೆ. ಎರಡನೇ ಸಲ ಇಂಗ್ಲಿಷಲ್ಲಿ, ಆದ್ರೆ ಪ್ರತಿ ಸ್ಲೈಡಿಗೆ ಮೊದಲನೇ ವಾಕ್ಯ ಒಂದನ್ನ ಮಾತ್ರ ಬರೆದಿಟ್ಕೊಂಡು. ಚಿಕ್ಕ ಚಿಕ್ಕ ವಾಕ್ಯ. ಗ್ರಾಮರ್ ತಪ್ಪಿಗೆ ಯಾರೂ ಮಾರ್ಕ್ಸ್ ಕಟ್ ಮಾಡಲ್ಲ, ಯೂನಿಟ್ ತಪ್ಪಿದ್ರೆ ಮಾಡ್ತಾರೆ. ಮೂರನೇ ಸಲ ಗಡಿಯಾರ ಇಟ್ಕೊಂಡು, ನಿಂತ್ಕೊಂಡು. ಮಧ್ಯ ಒಂದು ಕಷ್ಟದ ಜಾಗದಲ್ಲಿ "ಸಾರ್, ಇದನ್ನ ಕನ್ನಡದಲ್ಲಿ ಹೇಳ್ಲಾ" ಅಂತ ಕೇಳಿದ್ರೆ ನಮ್ಮ ಕಡೆ ಬೇಡ ಅನ್ನೋ ಮೇಷ್ಟ್ರು ಕಮ್ಮಿ, ಆದ್ರೂ ಗೈಡ್ ಹತ್ರ ಮೊದ್ಲೇ ಕೇಳಿಟ್ಕೊಳ್ಳಿ.

ಬೇರೆಯವರು ಹೇಗೆ ಮಾತಾಡ್ತಾರೆ ಅಂತ ಕೇಳೋದೂ ಪ್ರಾಕ್ಟೀಸೇ. ತುಮಕೂರಿನವರು ಬೆಳಗ್ಗೆ ಟ್ರೇನ್ ಹತ್ತಿದ್ರೆ ಐಐಎಸ್ಸಿ ದೂರ ಅಲ್ಲ, ಯಶವಂತಪುರದಲ್ಲಿ ಇಳೀಬಹುದು. ಚಿಕ್ಕಬಳ್ಳಾಪುರದವರಿಗೆ ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆ ದಾರೀಲೇ ಇದೆ. ಹೊರಗಿನವರಿಗೆ ತೆರೆದಿರೋ ಟಾಕ್‌ಗಳ ನೋಟೀಸ್ ಅವರ ವೆಬ್‌ಸೈಟಲ್ಲಿ ಹಾಕ್ತಾರೆ. ಬಸವನಗುಡಿ ನ್ಯಾಷನಲ್ ಕಾಲೇಜಲ್ಲಿ ಬೆಂಗಳೂರು ಸೈನ್ಸ್ ಫೋರಂ 1962ರಲ್ಲಿ ಶುರುವಾಗಿದ್ದು, ಬುಧವಾರದ ಉಪನ್ಯಾಸಗಳಿಗೆ ಹೆಸರುವಾಸಿ, ಅದರ ಹಿಂದಿದ್ದ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಹೋದ್ರೆ ಭಾಷಣಕ್ಕಿಂತ ಆಮೇಲಿನ ಪ್ರಶ್ನೋತ್ತರ ಗಮನ ಕೊಟ್ಟು ಕೇಳಿ.

8. ಆ ದಿನ

ಅರ್ಧ ಗಂಟೆ ಮುಂಚೆ ಹೋಗಿ ಪ್ರೊಜೆಕ್ಟರ್ ಕೇಬಲ್ ನಿಮ್ಮ ಲ್ಯಾಪ್‌ಟಾಪಿಗೆ ಹೊಂದುತ್ತಾ ನೋಡಿ, ಹಳೇ ಪ್ರೊಜೆಕ್ಟರ್‌ಗೆ ವಿಜಿಎ ಬೇಕಿದ್ರೆ ಹೊಸ ಲ್ಯಾಪ್‌ಟಾಪಲ್ಲಿ ಆ ಪೋರ್ಟೇ ಇರಲ್ಲ. ಕರೆಂಟ್ ಹೋದ್ರೆ ಬೋರ್ಡಲ್ಲಿ ಬರೆದು ಮುಂದುವರಿಸೋಕೆ ಚಾಕ್‌ಪೀಸ್ ಇಟ್ಕೊಳ್ಳಿ. ಹಾಗೆ ಬೋರ್ಡ್ ಮೇಲೆ ಐಸೋಥರ್ಮ್ ಬರೆದು ತೋರಿಸಿದೋರಿಗೆ ಪಿಪಿಟಿಯವರಿಗಿಂತ ಜಾಸ್ತಿ ಮಾರ್ಕ್ಸ್ ಬಂದಿರೋದೂ ಉಂಟು. ಸ್ಕ್ರೀನ್ ನೋಡ್ಕೊಂಡು ಓದಬೇಡಿ. ಲೇಸರ್ ಪಾಯಿಂಟರ್‌ನ ಗಿರಗಿರ ತಿರುಗಿಸಬೇಡಿ.

9. ಪ್ರಶ್ನೆಗಳು

ಪ್ರಶ್ನೆ ಪೂರ್ತಿ ಮುಗಿಯೋ ತನಕ ಕೇಳಿಸ್ಕೊಳ್ಳಿ. ಆಮೇಲೆ ನಿಮ್ಮ ಮಾತಲ್ಲಿ ಒಂದು ಸಲ ವಾಪಸ್ ಹೇಳಿ, "ನೀವು ಕೇಳ್ತಿರೋದು ಪಿಎಚ್ ಬದಲಾದ್ರೆ ಏನಾಗುತ್ತೆ ಅಂತ ಅಲ್ವಾ ಮೇಡಂ". ಇದ್ರಿಂದ ಯೋಚನೆ ಮಾಡೋಕೆ ಟೈಮೂ ಸಿಗುತ್ತೆ, ತಪ್ಪು ಪ್ರಶ್ನೆಗೆ ಉತ್ತರ ಕೊಡೋದೂ ತಪ್ಪುತ್ತೆ.

ಗೊತ್ತಿಲ್ಲದ್ದು ಬಂದ್ರೆ ಬರೀ "ಗೊತ್ತಿಲ್ಲ ಸಾರ್" ಅಂತ ತಲೆ ತಗ್ಗಿಸೋದು ಒಂದು ದಾರಿ, ಏನೋ ಒಂದು ಹೇಳಿ ಸಿಕ್ಕಿಬೀಳೋದು ಇನ್ನೊಂದು. ಎರಡೂ ಬೇಡ. "ಲೇಖಕರು ಅದನ್ನ ಪೇಪರಲ್ಲಿ ಹೇಳಿಲ್ಲ. ಆದ್ರೆ ಬೈಕಾರ್ಬನೇಟ್ ಜಾಸ್ತಿ ಮಾಡಿದಾಗ ಕೆಪಾಸಿಟಿ ಕಮ್ಮಿ ಆಗಿರೋದು ನೋಡಿದ್ರೆ ಹೀಗಿರಬಹುದು ಅನ್ಸುತ್ತೆ" ಅನ್ನಿ. ಪೇಪರಲ್ಲಿ ಇರೋದು ಯಾವುದು, ನಿಮ್ಮ ಊಹೆ ಯಾವುದು ಅಂತ ಬೇರೆ ಮಾಡಿ ಹೇಳೋರನ್ನ ಯಾವ ಎಕ್ಸಾಮಿನರೂ ಮುಂದಕ್ಕೆ ಎಳೆದಾಡಲ್ಲ.

ಪದೇ ಪದೇ ಬರೋ ಪ್ರಶ್ನೆಗಳು ಇವು, ಉತ್ತರ ರೆಡಿ ಇರ್ಲಿ: ಈ ಪೇಪರ್ ಯಾಕೆ ಆರಿಸಿದ್ರಿ? ಈ ಸಾಲ್ವೆಂಟ್ ಯಾಕೆ, ಬೇರೆ ಯಾಕಿಲ್ಲ? ಎಷ್ಟು ಸಲ ರಿಪೀಟ್ ಮಾಡಿದಾರೆ? ಕ್ಯಾಟಲಿಸ್ಟ್ ಅಥವಾ ಪುಡಿನ ಮತ್ತೆ ಬಳಸಬಹುದಾ, ಎಷ್ಟು ಸಲ? ಬಳಸಿ ಬಿಸಾಕಿದ ಮೇಲೆ ಅದರ ಗತಿ ಏನು? ನಿಮ್ಮ ಕೈಗೆ ಈ ಪ್ರಾಜೆಕ್ಟ್ ಕೊಟ್ರೆ ಮುಂದೆ ಏನು ಮಾಡ್ತೀರ? ಕೊನೇದಕ್ಕೆ "ಫ್ಯೂಚರ್ ಸ್ಕೋಪ್ ತುಂಬಾ ಇದೆ ಸಾರ್" ಅನ್ನಬೇಡಿ. "ಸಿರಾದ ಒಂದು ಬೋರ್‌ವೆಲ್ ನೀರು ತಂದು, ಟಿಸಾಬ್ ಹಾಕಿ ಅಳೆದು, ಪಿಎಚ್ ಮುಟ್ಟದೇ ಇದೇ ಪುಡೀಲಿ ಮಾಡಿ ನೋಡ್ತೀನಿ" ಅನ್ನಿ.

ಕೂತು ಕೇಳೋ ದಿನ ನೀವೂ ಒಂದು ಪ್ರಶ್ನೆ ಕೇಳಿ. "ಆ ಗ್ರಾಫಲ್ಲಿ ಯೂನಿಟ್ ಏನು" ಅಂತ ಕೇಳಿದ್ರೂ ಸರಿ. ಫ್ರೆಂಡ್‌ನ ಸಿಕ್ಕಿಹಾಕ್ಸೋಕೆ ಅಂತ ಕೇಳೋದು ಮಾತ್ರ ಬೇಡ, ನಾಳೆ ನಿಮ್ಮ ಸರದಿ ಬರುತ್ತೆ.

10. ರಿಪೋರ್ಟ್

ಸೆಮಿನಾರ್ ಮುಗಿದ ವಾರದಲ್ಲೇ ಬರೆದು ಮುಗಿಸಿ, ಬಂದ ಪ್ರಶ್ನೆಗಳಿಗೆ ಹುಡುಕಿದ ಉತ್ತರನೂ ಸೇರಿಸಿ. ಪೇಪರಿನ ವಾಕ್ಯ ಕಾಪಿ ಪೇಸ್ಟ್ ಬೇಡ. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ 10 ಪರ್ಸೆಂಟ್ ತನಕ ದಂಡ ಇಲ್ಲ, ಅಲ್ಲಿಂದ ಮೇಲೆ 40, 60 ಅಂತ ಹಂತ ಹಂತವಾಗಿ ಕ್ರಮ ಇದೆ. ಎಂಎಸ್ಸಿ ಸೆಮಿನಾರ್ ರಿಪೋರ್ಟ್‌ನ ಸಾಫ್ಟ್‌ವೇರಿಗೆ ಹಾಕ್ತಾರೋ ಇಲ್ವೋ ಅದು ಡಿಪಾರ್ಟ್‌ಮೆಂಟ್ ಮೇಲೆ, ಆದ್ರೆ ಪದಗಳನ್ನ ಅಲ್ಲಲ್ಲಿ ಬದಲಾಯಿಸೋ ಆಪ್‌ಗಳಿಗೆ ಕೊಟ್ರೆ "ಸರ್ಫೇಸ್ ಏರಿಯಾ" ಅನ್ನೋದು ಇನ್ನೇನೋ ಆಗಿ ಬಂದು ಮೇಷ್ಟ್ರಿಗೆ ಒಂದೇ ಸಾಲಲ್ಲಿ ಗೊತ್ತಾಗುತ್ತೆ. ನಾಲ್ಕನೇ ಹಂತದಲ್ಲಿ ಕನ್ನಡದಲ್ಲಿ ಬರೆದ ಪುಟ ಇದೆಯಲ್ಲ, ಅದನ್ನ ಮುಂದಿಟ್ಕೊಂಡು ಇಂಗ್ಲಿಷಲ್ಲಿ ಬರೀರಿ, ಕಾಪಿ ಆಗೋ ಪ್ರಶ್ನೆನೇ ಬರಲ್ಲ.

ಗೈಡ್ ಸಹಿ, ಎಚ್‌ಓಡಿ ಸೀಲು ಎರಡೂ ಬೇಕಾಗುತ್ತೆ. ಅವರು ವ್ಯಾಲ್ಯುಯೇಷನ್‌ಗೆ ಅಂತ ಹೊರಟುಬಿಟ್ರೆ ವಾರಗಟ್ಟಲೆ ಕೈಗೆ ಸಿಗಲ್ಲ, ಎಕ್ಸಾಮ್ ಟೈಮ್‌ಟೇಬಲ್ ಬರೋ ಮುಂಚೆನೇ ಹಾಕಿಸ್ಕೊಂಡು ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ಳಿ.